ಗಡಿನಾಡಿನ ಸ್ಥಳಾಕೃತಿ ನಕ್ಷೆಗಳು ಮತ್ತು ಮನೆತನಗಳ ವಂಶಾವಳಿ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳನ್ನು ಅನುಲಕ್ಷಿಸಿ

ಪೀಠಿಕೆ

ಕರ್ನಾಟಕದ ಪ್ರಾದೇಶಿಕ ಇತಿಹಾಸದ ರಚನೆಯಲ್ಲಿ ಶಾಸನ, ಕೈಫಿಯತ್ತು, ಕಡತ, ಬಖರುಗಳಿಗೆ ದೊರೆತಷ್ಟು ಗಮನ ನಕ್ಷೆಗಳಿಗೆ ದೊರೆತಿಲ್ಲ. ಗ್ರಂಥದ ಮೊದಲಿಗೋ ಕೊನೆಗೋ ಒಂದು ನಕ್ಷೆಯನ್ನು ಅಚ್ಚುಮಾಡುವುದು ವಾಡಿಕೆಯಾಗಿದೆಯೇ ಹೊರತು, ಅದನ್ನು ಒಂದು ಆಕರವೆಂದು ಎಣಿಸಿ ಪ್ರಶ್ನಿಸುವ ಪದ್ಧತಿ ಬೆಳೆದಿಲ್ಲ. ಮನೆತನಗಳ ಇತಿಹಾಸದಲ್ಲಂತೂ ಈ ಕೊರತೆ ಎದ್ದು ಕಾಣುತ್ತದೆ. ವಂಶಾವಳಿಯೆಂದರೆ ಹೆಸರುಗಳ ಸರಣಿ, ತಲೆಮಾರುಗಳ ಲೆಕ್ಕ ಎಂಬ ಭಾವನೆ ಬಲವಾಗಿರುವುದರಿಂದ, ಆ ಹೆಸರುಗಳ ಜೊತೆಗೆ ತಪ್ಪದೆ ಬರುವ ಊರುಗಳ ವಿಚಾರ ಹಿಂದೆ ಬಿದ್ದಿದೆ. ‘ಮೂಲದಲ್ಲಿ ಇಂಥ ಊರಿನವರು’ ಎಂಬ ಒಂದು ವಾಕ್ಯ ಬರೆದು ಮುಂದೆ ಸಾಗುವುದೇ ಹೆಚ್ಚು. ಆ ಊರು ಯಾವುದು, ಎಲ್ಲಿದೆ, ಈಗಲೂ ಇದೆಯೇ, ಆ ಕಾಲದಲ್ಲಿ ಯಾವ ಆಡಳಿತಕ್ಕೆ ಸೇರಿತ್ತು ಎಂದು ಕೇಳುವವರು ವಿರಳ.

ಶಾಸನತಜ್ಞರು ಈ ವಿಷಯದಲ್ಲಿ ಮುಂದಿದ್ದಾರೆ. ಜೆ. ಎಫ್. ಫ್ಲೀಟ್ ಅವರು ಶಾಸನಗಳನ್ನು ಸಂಪಾದಿಸುವಾಗ ಅವುಗಳಲ್ಲಿ ಬರುವ ಊರುಗಳನ್ನು, ಒಂದು ಅಂಗುಲಕ್ಕೆ ನಾಲ್ಕು ಮೈಲಿ ಪ್ರಮಾಣದ ‘ಇಂಡಿಯನ್ ಅಟ್ಲಾಸ್’ ಹಾಳೆಗಳಲ್ಲಿ ಹುಡುಕಿ ಗುರುತಿಸುತ್ತಿದ್ದರು. ಹಾಳೆಯ ಸಂಖ್ಯೆಯನ್ನೂ ಅಡಿಟಿಪ್ಪಣಿಯಲ್ಲಿ ಕೊಡುತ್ತಿದ್ದರು. ಅರಸು ಮನೆತನಗಳ ಶಾಸನಗಳಿಗೆ ಸಂದ ಈ ಶಿಸ್ತು ಗೌಡ, ಕುಲಕರ್ಣಿ, ಒಕ್ಕಲು, ಅಂಬಿಗ, ತಳವಾರ ಮನೆತನಗಳ ಅಧ್ಯಯನಕ್ಕೆ ಇನ್ನೂ ಸಲ್ಲಬೇಕಾಗಿದೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ಪ್ರದೇಶವನ್ನು ಇಟ್ಟುಕೊಂಡು ಸ್ಥಳಾಕೃತಿ ನಕ್ಷೆ ವಂಶಾವಳಿಯ ಸಂಶೋಧನೆಗೆ ಎಷ್ಟರಮಟ್ಟಿಗೆ ಸಾಕ್ಷಿಯಾಗಬಲ್ಲದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಮರ್ಶಿಸಲಾಗಿದೆ. ನಕ್ಷೆ ಯಾರ ವಂಶವನ್ನೂ ಹೇಳುವುದಿಲ್ಲ. ಆದರೆ ವಂಶಾವಳಿ ಹೇಳುವ ಊರನ್ನು ಪರೀಕ್ಷಿಸಲು ಅದು ಬಹಳ ಒಳ್ಳೆಯ ಸಾಧನ. ಈ ಪರೀಕ್ಷೆ ಫಲಿಸಬೇಕಾದರೆ ನಕ್ಷೆಯ ಮೇಲಿನ ಗಡಿರೇಖೆಯನ್ನು ಬಂಧುತ್ವದ ಗಡಿಯೆಂದು ಭಾವಿಸುವ ರೂಢಿಯನ್ನು ಬಿಡಬೇಕು. ಇದು ಈ ಲೇಖನದ ಪ್ರತಿಪಾದನೆ.

1. ಪ್ರದೇಶ ಮತ್ತು ಅದರ ಗಡಿಗಳು

ಹಾವೇರಿ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 1997ರಲ್ಲಿ. ಅದಕ್ಕೆ ಮೊದಲು ಈ ಮೂರು ತಾಲೂಕುಗಳೂ ಧಾರವಾಡ ಜಿಲ್ಲೆಗೆ ಸೇರಿದ್ದವು. 1818ರಲ್ಲಿ ಪೇಶ್ವೆಯವರ ಆಳ್ವಿಕೆ ಕೊನೆಗೊಂಡ ಬಳಿಕ ಬ್ರಿಟಿಷರ ವಶವಾದ ಧಾರವಾಡ ಸೀಮೆ ಮುಂದೆ ಮುಂಬಯಿ ಪ್ರಾಂತದ ಭಾಗವಾಯಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದಲ್ಲಿ ಸೇರುವವರೆಗೆ ಈ ವ್ಯವಸ್ಥೆಯೇ ಮುಂದುವರಿಯಿತು.

ಈ ಸೀಮೆಯ ಪೂರ್ವ ಮತ್ತು ಆಗ್ನೇಯದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದ ಎದುರಿಗೆ ಹೊಳೆಯಾಚೆ ಇರುವ ಹರಿಹರ 1799ರ ತರುವಾಯ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಂದ ಕೆಳಗೆ ಹೊಳೆಯಾಚೆಯ ಹರಪನಹಳ್ಳಿ, ಹೂವಿನಹಡಗಲಿ ಸೀಮೆಗಳು, 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಬಳ್ಳಾರಿ ಪ್ರದೇಶದೊಂದಿಗೆ ಮದರಾಸು ಪ್ರಾಂತಕ್ಕೆ ಸೇರಿದವು. ಹೀಗೆ ಮುಂಬಯಿ, ಮೈಸೂರು, ಮದರಾಸು ಎಂಬ ಮೂರು ಆಡಳಿತಗಳು ಈ ಹೊಳೆಯ ಒಂದೇ ತಿರುವಿನ ಆಸುಪಾಸಿನಲ್ಲಿ ಕೂಡುತ್ತಿದ್ದವು. ಉತ್ತರದಲ್ಲಿ 1948ರವರೆಗೆ ಸವಣೂರು ನವಾಬರ ಪುಟ್ಟ ಸಂಸ್ಥಾನವಿತ್ತು. ಅದರಾಚೆ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದವು.

1953ರಲ್ಲಿ ಬಳ್ಳಾರಿ ಜಿಲ್ಲೆಯ ಕನ್ನಡ ಭಾಗ ಮೈಸೂರಿಗೆ ಬಂದಿತು. 1956ರಲ್ಲಿ ಉಳಿದ ಗಡಿಗಳೂ ಅಳಿದವು. ಆದರೆ ದಾಖಲೆಗಳು ಹಂಚಿಹೋಗಿಯೇ ಉಳಿದವು. ಹೊಳೆಯ ಎರಡೂ ದಡಗಳಲ್ಲಿ ಕವಲೊಡೆದ ಒಂದು ಮನೆತನದ ಕಾಗದಗಳನ್ನು ಹುಡುಕುವವರು ಪೇಶ್ವೆಯವರ ಕಾಲಕ್ಕೆ ಪುಣೆಯ ದಫ್ತರವನ್ನೂ ಅದರ ಮೋಡಿ ಲಿಪಿಯನ್ನೂ, ಬಳ್ಳಾರಿಯ ಕವಲಿಗೆ ಮದರಾಸಿನ ಕಡತಗಳನ್ನೂ, ಹರಿಹರದ ಕವಲಿಗೆ ಮೈಸೂರು ಸಂಸ್ಥಾನದ ದಾಖಲೆಗಳನ್ನೂ ನೋಡಬೇಕಾಗುತ್ತದೆ. ಇವುಗಳ ಭಾಷೆ, ಲಿಪಿ, ಅಳತೆ, ಕಂದಾಯದ ಪರಿಭಾಷೆ ಒಂದೊಂದೂ ಬೇರೆ. ಇವೆಲ್ಲಕ್ಕೂ ಸಮಾನವಾದದ್ದು ನೆಲವೊಂದೇ. ಆದುದರಿಂದಲೇ ಇಂತಹ ಗಡಿನಾಡಿನಲ್ಲಿ ನಕ್ಷೆಯ ಪ್ರಯೋಜನ ಒಳನಾಡಿಗಿಂತ ಹೆಚ್ಚು.

2. ಜೊತೆಯಾಗಿ ಹುಟ್ಟಿ ಬೇರೆಯಾದ ಎರಡು ಆಕರಗಳು

ನಕ್ಷೆ ಮತ್ತು ವಂಶಾವಳಿಗಳು ಸಂಬಂಧವಿಲ್ಲದ ಆಕರಗಳೆಂಬ ಇಂದಿನ ತಿಳಿವಳಿಕೆ ಚಾರಿತ್ರಿಕವಾಗಿ ಸರಿಯಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಸರ್ವೇಕ್ಷಣೆಯನ್ನು ಕೈಗೊಂಡಾಗ ನೆಲದ ಅಳತೆಯ ಜೊತೆಗೆ ಊರಿನ ಸ್ಥಳೀಯ ವೃತ್ತಾಂತ, ಪಾಳೆಯಗಾರರ ವಂಶಾವಳಿ, ಶಾಸನಗಳ ಪ್ರತಿಗಳನ್ನೂ ಸಂಗ್ರಹಿಸಲಾಯಿತು. ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತರುವಾಯ ಅವನ ಸೋದರ ಲಕ್ಷ್ಮಯ್ಯ ಈ ಕೆಲಸದಲ್ಲಿ ಮುಖ್ಯ ಸಹಾಯಕರಾಗಿದ್ದರು. ನೆಲವನ್ನು ಅಳೆದವರೂ ಆ ನೆಲದ ಮನೆತನಗಳ ಕಥೆಯನ್ನು ಕೇಳಿದವರೂ ಒಂದೇ ತಂಡಕ್ಕೆ ಸೇರಿದ್ದರು.

ಮುಂದೆ ಇವೆರಡೂ ಬೇರೆಯಾದವು. 1815ರಲ್ಲಿ ಮೆಕೆಂಜಿಯು ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ನಕ್ಷೆಗಳು ಸರ್ವೇಕ್ಷಣಾ ಇಲಾಖೆಯ ಸೊತ್ತಾದವು, ಕೈಫಿಯತ್ತುಗಳು ಹಸ್ತಪ್ರತಿ ಭಂಡಾರಗಳನ್ನು ಸೇರಿದವು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟದಿಂದಾಗಿ ಈ ಪಠ್ಯಗಳು ಕನ್ನಡ ಸಂಶೋಧಕರಿಗೆ ಸುಲಭವಾಗಿ ದೊರೆಯುವಂತಾಯಿತು. ಆದರೆ ಕೈಫಿಯತ್ತನ್ನು ಓದುವವರು ನಕ್ಷೆಯನ್ನು ಬಿಡಿಸಿಟ್ಟುಕೊಳ್ಳುವ ಪದ್ಧತಿ ಇನ್ನೂ ರೂಢವಾಗಿಲ್ಲ. 1884ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದಲ್ಲಿ ಹೊರಬಂದ ಧಾರವಾಡ ಗೆಜೆಟಿಯರ್‌ನಲ್ಲಿಯೂ ಈ ಒಡಕು ಕಾಣುತ್ತದೆ. ನದಿ, ಗುಡ್ಡ, ಕೆರೆಗಳಿಗೆ ಒಂದು ಅಧ್ಯಾಯ, ಜಾತಿಗಳಿಗೆ ಇನ್ನೊಂದು ಅಧ್ಯಾಯ, ಊರುಗಳಿಗೆ ಮತ್ತೊಂದು. ಮನೆತನವೊಂದು ಇಂಥ ಊರಿನಿಂದ ಇಂಥ ಊರಿಗೆ ನಡೆದುಬಂದ ದಾರಿಗೆ ಆ ವಿಂಗಡಣೆಯಲ್ಲಿ ಜಾಗವಿಲ್ಲ.

3. ಲಭ್ಯವಿರುವ ನಕ್ಷೆಗಳ ಸ್ವರೂಪ

ಭಾರತ ಸರ್ವೇಕ್ಷಣಾ ಇಲಾಖೆಯ ರೂಢಿಯ ಸಂಖ್ಯಾಕ್ರಮದಲ್ಲಿ ಈ ಪ್ರದೇಶ 48ನೆಯ ಹಾಳೆಯ ‘ಎನ್’ ಭಾಗಕ್ಕೆ ಸೇರುತ್ತದೆ. ಇದು ಪೂರ್ವ ರೇಖಾಂಶ 75ರಿಂದ 76 ಡಿಗ್ರಿ, ಉತ್ತರ ಅಕ್ಷಾಂಶ 14ರಿಂದ 15 ಡಿಗ್ರಿಗಳ ನಡುವಿನ ಚೌಕ. ಇದನ್ನು ಹದಿನಾರು ಹಾಳೆಗಳಾಗಿ ವಿಂಗಡಿಸಲಾಗಿದೆ. ಹಾವೇರಿ ಪಟ್ಟಣವು 48 ಎನ್/5ರಲ್ಲಿ, ಬ್ಯಾಡಗಿಯು 48 ಎನ್/6ರಲ್ಲಿ, ಗುತ್ತಲವು 48 ಎನ್/9ರಲ್ಲಿ, ರಾಣೆಬೆನ್ನೂರು 48 ಎನ್/10ರಲ್ಲಿ, ಹರಿಹರವು 48 ಎನ್/14ರಲ್ಲಿ ಬರುತ್ತವೆ. ಒಂದೊಂದು ಹಾಳೆಯೂ ಸುಮಾರು 27 ಕಿ.ಮೀ. ಅಗಲ, ಸುಮಾರು ಅಷ್ಟೇ ಉದ್ದದ ನೆಲವನ್ನು ತೋರಿಸುತ್ತದೆ. ಹಳೆಯ ಆವೃತ್ತಿಗಳು ಅಂಗುಲಕ್ಕೆ ಒಂದು ಮೈಲಿ ಪ್ರಮಾಣದವು. ಮೆಟ್ರಿಕ್ ಪದ್ಧತಿ ಬಂದ ಬಳಿಕ ಪ್ರಮಾಣವು 1:50,000ಕ್ಕೆ ಬದಲಾಯಿತು.

ಹಾಳೆಗಳ ಈ ಕತ್ತರಿಕೆಯನ್ನು ಸಂಶೋಧಕರು ಗಮನದಲ್ಲಿಡಬೇಕು. ಬ್ಯಾಡಗಿ ಪಟ್ಟಣವು ತನ್ನ ಹಾಳೆಯ ಪೂರ್ವದ ಅಂಚಿಗೆ ತೀರ ಹತ್ತಿರದಲ್ಲಿದೆ. ಅಲ್ಲಿಯ ಒಂದು ಮನೆತನದ ನಂಟಿನ ಊರುಗಳಲ್ಲಿ ಪೂರ್ವದಿಕ್ಕಿನವು ಪಕ್ಕದ ಹಾಳೆಗೆ ಹೋಗಿಬಿಡುತ್ತವೆ. ಒಂದೇ ಹಾಳೆಯನ್ನು ನೋಡಿ ‘ಈ ಹೆಸರಿನ ಊರು ಈ ಭಾಗದಲ್ಲಿಲ್ಲ’ ಎಂದು ನಿರ್ಣಯಿಸುವುದು ಅಪಾಯಕರ. ಕನಿಷ್ಠ ನಾಲ್ಕು ಹಾಳೆಗಳನ್ನು ಜೋಡಿಸಿ ನೋಡಿದ ಮೇಲೆಯೇ ಅಂತಹ ಮಾತನ್ನು ಆಡಬಹುದು.

ಸ್ಥಳಾಕೃತಿ ನಕ್ಷೆಯಲ್ಲಿ ಊರು ಕಾಣುತ್ತದೆ, ಹೊಲ ಕಾಣುವುದಿಲ್ಲ. ಒಂದು ಎಕರೆಯ ಚೌಕ ಹೊಲಕ್ಕೆ 1:50,000 ಪ್ರಮಾಣದಲ್ಲಿ ಸುಮಾರು 1.3 ಮಿ.ಮೀ. ಬದಿಯಷ್ಟೇ ಜಾಗ ಸಿಗುತ್ತದೆ. ಅದೇ ಹೊಲ 1:7,920 ಪ್ರಮಾಣದ, ಎಂದರೆ ಮೈಲಿಗೆ ಎಂಟು ಅಂಗುಲದ ಗ್ರಾಮನಕ್ಷೆಯಲ್ಲಿ ಸುಮಾರು 8 ಮಿ.ಮೀ. ಬದಿಯ ಚೌಕವಾಗಿ ಕಾಣುತ್ತದೆ. ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅವರು ರೂಪಿಸಿ, 1847ರ ಜಂಟಿ ವರದಿಯಲ್ಲಿ ಕ್ರಮಬದ್ಧಗೊಂಡ ಮೋಜಣಿ ಪದ್ಧತಿಯಿಂದ ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು ಬಂದಿತು. 1903ರ ಕಾಯ್ದೆಯ ತರುವಾಯ ಹಕ್ಕು ದಾಖಲೆಯ ಕ್ರಮವೂ ಸೇರಿಕೊಂಡಿತು. ಉತಾರದಲ್ಲಿ ಒಡೆಯನ ಹೆಸರು, ಫೇರಫಾರದಲ್ಲಿ ಆ ಹೆಸರು ಬದಲಾದ ಕಾರಣ, ಗ್ರಾಮನಕ್ಷೆಯಲ್ಲಿ ಹೊಲದ ಜಾಗ, ಸ್ಥಳಾಕೃತಿ ನಕ್ಷೆಯಲ್ಲಿ ಊರಿನ ಸುತ್ತಲಿನ ಸೀಮೆ, ಈ ನಾಲ್ಕನ್ನೂ ಒಟ್ಟಿಗೆ ಓದಬೇಕು.

ಹಿಸ್ಸಾ ನಂಬರುಗಳು ಈ ದೃಷ್ಟಿಯಿಂದ ವಿಶೇಷವಾಗಿ ಉಪಯುಕ್ತ. ಒಂದು ಸರ್ವೆ ನಂಬರು ಕಾಲಕ್ರಮದಲ್ಲಿ ಮೂರು ಹಿಸ್ಸೆಗಳಾಗಿದ್ದರೆ ಅದು ಮೂವರು ಅಣ್ಣತಮ್ಮಂದಿರ ವಾಟ್ನಿಯಾಗಿರುವ ಸಂಭವವುಂಟು. ಮಾರಾಟದಿಂದಲೂ ಹಿಸ್ಸೆಯಾಗುತ್ತದೆ. 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಗೇಣಿದಾರರ ಹೆಸರು ಒಡೆಯರ ಜಾಗಕ್ಕೆ ಬಂದಿರುವುದೂ ಉಂಟು. ಆದುದರಿಂದ ಫೇರಫಾರದ ನೋಂದಣಿಯನ್ನು ನೋಡದೆ ಹಿಸ್ಸೆಯನ್ನು ವಂಶದ ಕವಲೆಂದು ಬರೆಯಬಾರದು.

ಐರ್ಲೆಂಡಿನಲ್ಲಿ ಇದಕ್ಕೆ ಹೋಲುವ ಒಂದು ಅಧ್ಯಯನ ಪರಂಪರೆ ಬೆಳೆದಿದೆ. 1922ರ ಬೆಂಕಿಯಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ನಾಶವಾಗಿ ಹಳೆಯ ಜನಗಣತಿಯ ಪುಸ್ತಕಗಳು ಬಹುಪಾಲು ಸುಟ್ಟುಹೋದವು. ಅಲ್ಲಿಂದ ವಲಸೆಹೋದವರ ವಂಶಜರು 1847ರಿಂದ 1864ರವರೆಗೆ ಪ್ರಕಟವಾದ ಗ್ರಿಫಿತ್ ಮೌಲ್ಯಮಾಪನದ ಪಟ್ಟಿಯನ್ನೂ ಮೈಲಿಗೆ ಆರು ಅಂಗುಲದ ಸರ್ಕಾರಿ ನಕ್ಷೆಯನ್ನೂ ಕೂಡಿಸಿ ತಮ್ಮ ಹಿರಿಯರ ಮನೆಯ ಜಾಗವನ್ನು ಕಂಡುಕೊಳ್ಳುತ್ತಾರೆ. ಪಟ್ಟಿಯ ಸಂಖ್ಯೆ ನಕ್ಷೆಯ ಸಂಖ್ಯೆಗೆ ಹೊಂದುವುದರಿಂದ ಇದು ಸಾಧ್ಯವಾಗಿದೆ. ನಮ್ಮ ಸರ್ವೆ ನಂಬರಿಗೂ ಉತಾರಕ್ಕೂ ಇರುವ ಸಂಬಂಧ ಇಂಥದ್ದೇ. ಅದನ್ನು ನಾವು ಜಮೀನಿನ ವ್ಯಾಜ್ಯಕ್ಕೆ ಬಳಸಿದಷ್ಟು ಇತಿಹಾಸಕ್ಕೆ ಬಳಸಿಲ್ಲ.

4. ಅಡ್ಡಹೆಸರು ಮತ್ತು ಊರಿನ ಗುರುತು

ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಮನೆತನದ ಅಡ್ಡಹೆಸರಾಗುವ ರೂಢಿ ವ್ಯಾಪಕವಾಗಿದೆ. ಹಾವೇರಿ, ಬ್ಯಾಡಗಿ, ಗುತ್ತಲ, ರಟ್ಟಿಹಳ್ಳಿ, ಹಾನಗಲ್ಲ ಮೊದಲಾದವು ಇಂದು ಹುಬ್ಬಳ್ಳಿ, ದಾವಣಗೆರೆಗಳ ಅಂಗಡಿಯ ಫಲಕಗಳಲ್ಲಿಯೂ ಶಾಲೆಯ ಹಾಜರಿಯಲ್ಲಿಯೂ ಅಡ್ಡಹೆಸರುಗಳಾಗಿ ಕಾಣುತ್ತವೆ. ಗುತ್ತಲದಲ್ಲೇ ಇರುವವರನ್ನು ಗುತ್ತಲದವರೆಂದು ಬೇರ್ಪಡಿಸಿ ಕರೆಯುವ ಅಗತ್ಯವಿಲ್ಲ. ಆ ಊರನ್ನು ಬಿಟ್ಟು ಬೇರೆಡೆ ನೆಲೆಸಿದವರಿಗೆ ಹೊಸ ಊರಿನವರು ಕೊಟ್ಟ ಗುರುತು ಅದು. ಎಂದರೆ ಊರಿನ ಅಡ್ಡಹೆಸರು ಸಾಮಾನ್ಯವಾಗಿ ಒಂದು ವಲಸೆಯ ದಾಖಲೆ. ಅದರಿಂದ ತಿಳಿಯುವುದು ಕೊನೆಯದಾಗಿ ಬಿಟ್ಟುಬಂದ ಊರು ಮಾತ್ರ. ಅದನ್ನೇ ಮನೆತನದ ಆದಿಸ್ಥಾನವೆಂದು ಬರೆಯುವ ರೂಢಿಯನ್ನು ಮರುಪರಿಶೀಲಿಸಬೇಕು.

ಇಲ್ಲಿ ನಕ್ಷೆಯಿಂದ ದೊರೆಯುವ ಮೊದಲ ಸಹಾಯವೆಂದರೆ ಒಂದೇ ಹೆಸರಿನ ಊರುಗಳನ್ನು ಬೇರ್ಪಡಿಸುವುದು. ‘ಬೆನ್ನೂರ’ ಎಂಬ ಅಡ್ಡಹೆಸರು ರಾಣೆಬೆನ್ನೂರನ್ನು ಸೂಚಿಸುತ್ತದೆಯೋ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರನ್ನೋ ಎಂಬುದು ಹೆಸರಿನಿಂದ ತಿಳಿಯುವುದಿಲ್ಲ. ಎರಡೂ ಒಂದು ದಿನದ ನಡಿಗೆಯೊಳಗಿನ ಊರುಗಳು. ದೊಡ್ಡ ಪೇಟೆಯಾದ ರಾಣೆಬೆನ್ನೂರಿಗೆ ಸಂಬಂಧವನ್ನು ಒಪ್ಪಿಸುವುದು ಸುಲಭ, ಆ ಸುಲಭತೆಯೇ ಸಂದೇಹಕ್ಕೆ ಕಾರಣವಾಗಬೇಕು. ಆ ಮನೆತನದ ಹಳೆಯ ನಂಟಸ್ತಿಕೆಯ ಊರುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಅವು ಯಾವ ಬೆನ್ನೂರಿನ ಸುತ್ತ ಗುಂಪಾಗುತ್ತವೆಂಬುದು ಕಾಣುತ್ತದೆ. ಆಗ ನಿರ್ಣಯಕ್ಕೆ ಒಂದು ಆಧಾರ ದೊರೆಯುತ್ತದೆ.

ಹಿರೇ ಮತ್ತು ಚಿಕ್ಕ ಎಂಬ ವಿಶೇಷಣಗಳ ಜೋಡಿ ಹೆಸರುಗಳು ಇನ್ನೊಂದು ಸಮಸ್ಯೆ. ರಾಣೆಬೆನ್ನೂರು ತಾಲೂಕಿನಲ್ಲಿ ಹಿರೇಬಿದರಿ ಇದೆ. ಚಿಕ್ಕಬಿದರಿ ಇರುವುದು ಹೊಳೆಯಾಚೆ, ಹರಿಹರ ತಾಲೂಕಿನಲ್ಲಿ. ಒಂದು ಮುಂಬಯಿ ಪ್ರಾಂತದ ಪಟ್ಟಿಯಲ್ಲಿದ್ದರೆ ಇನ್ನೊಂದು ಮೈಸೂರು ಸಂಸ್ಥಾನದ ಪಟ್ಟಿಯಲ್ಲಿತ್ತು. ಧಾರವಾಡ ಜಿಲ್ಲೆಯ ಗ್ರಾಮಸೂಚಿಯನ್ನು ಮಾತ್ರ ಹಿಡಿದು ಕುಳಿತವರಿಗೆ ಈ ಜೋಡಿ ಕಾಣಿಸುವುದೇ ಇಲ್ಲ. ಹಾಳೆಗಳನ್ನು ಜೋಡಿಸಿದಾಗಲಷ್ಟೇ ಕಾಣುತ್ತದೆ. ಒಂದು ಊರಿನಿಂದ ಇನ್ನೊಂದು ಕವಲೊಡೆಯಿತೆಂದು ಹೇಳಲು ಹೆಸರಿನ ಸಾಮ್ಯವೊಂದೇ ಸಾಲದು. ಮನೆದೇವರು, ಬೆಡಗು, ಹಬ್ಬದ ಹಕ್ಕುಬಾಧ್ಯತೆಗಳ ಸಾಕ್ಷ್ಯವೂ ಕೂಡಿಬರಬೇಕು. ನಕ್ಷೆ ಒಂದು ಪ್ರಶ್ನೆಯನ್ನು ಎತ್ತಿಕೊಡುತ್ತದೆ, ಉತ್ತರವನ್ನು ಕ್ಷೇತ್ರಕಾರ್ಯದಲ್ಲಿಯೇ ಹುಡುಕಬೇಕು.

ನಕ್ಷೆಯ ಹೆಸರುಗಳು ರೋಮನ್ ಲಿಪಿಯಲ್ಲಿರುವುದರಿಂದ ಉಂಟಾದ ತೊಡಕುಗಳನ್ನೂ ಇಲ್ಲಿ ಹೇಳಬೇಕು. ಲ-ಳ, ನ-ಣ, ದ-ಡಗಳ ವ್ಯತ್ಯಾಸ, ಹ್ರಸ್ವ-ದೀರ್ಘಗಳ ವ್ಯತ್ಯಾಸ ಆ ಬರವಣಿಗೆಯಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತವೆ. ರಾಣಿಬೆನ್ನೂರು, ರಾಣೆಬೆನ್ನೂರು, ರಾಣೇಬೆನ್ನೂರು ಎಂಬ ಮೂರು ರೂಪಗಳೂ ಇಂದು ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದನ್ನು ಹಿಡಿಯುತ್ತೇವೆಂಬುದರ ಮೇಲೆ ಹೆಸರಿನ ನಿಷ್ಪತ್ತಿಯೇ ಬದಲಾಗುತ್ತದೆ. ಊರ ಹೆಸರುಗಳನ್ನು ಇತಿಹಾಸದ ಆಕರವಾಗಿ ಬಳಸುವ ದಾರಿಯನ್ನು ಶಂ. ಬಾ. ಜೋಶಿಯವರು ಕನ್ನಡದಲ್ಲಿ ತೋರಿಸಿಕೊಟ್ಟಿದ್ದಾರೆ. ಆ ದಾರಿಯಲ್ಲಿ ನಡೆಯುವವರು ರೋಮನ್ ರೂಪವನ್ನು ಮತ್ತೆ ಕನ್ನಡಕ್ಕೆ ಇಳಿಸುವಾಗ ಶಾಸನದ ರೂಪವನ್ನೂ ಊರವರ ಉಚ್ಚಾರವನ್ನೂ ಕೇಳಿಯೇ ಇಳಿಸಬೇಕು.

5. ಬೇಚರಾಕ್ ಊರುಗಳು ಮತ್ತು ಹೆಳವರ ಹೇಳಿಕೆ

ಈ ಭಾಗದ ಮನೆತನಗಳ ವಂಶಾವಳಿಗೆ ಅತ್ಯಂತ ಮುಖ್ಯವಾದ ದೇಶೀಯ ಆಕರವೆಂದರೆ ಹೆಳವರು. ಎತ್ತಿನ ಮೇಲೆ ಕುಳಿತು ಬಂದು, ತಮ್ಮ ಒಕ್ಕಲಿನ ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷ, ಮೂಲಸ್ಥಳ, ಬೆಡಗು, ಮನೆದೇವರು, ಕವಲುಗಳನ್ನು ಹೇಳಿ ಕಾಳುಕಡಿ ಪಡೆಯುವುದು ಅವರ ವೃತ್ತಿ. ಬಾಯಿಪಾಠದ ಜೊತೆಗೆ ಬರೆಹದ ಪುಸ್ತಕಗಳನ್ನು ಇಟ್ಟುಕೊಂಡವರೂ ಇದ್ದಾರೆ. ಅವರ ಹೇಳಿಕೆಯಲ್ಲಿ ಹೆಸರುಗಳಷ್ಟೇ ಸ್ಥಿರವಾಗಿ ಊರುಗಳು ಬರುತ್ತವೆ.

ಹೆಳವರು ಹೇಳುವ ಊರೊಂದು ಇಂದಿನ ಗ್ರಾಮಪಟ್ಟಿಯಲ್ಲಿ ಸಿಗದಿದ್ದಾಗ ಅದನ್ನು ಕಲ್ಪಿತವೆಂದು ತಳ್ಳಿಹಾಕುವುದುಂಟು. ಇದು ಆತುರದ ತೀರ್ಮಾನ. ಕಂದಾಯದ ಪರಿಭಾಷೆಯಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಒಂದು ವರ್ಗವಿದೆ. ಪಾರಸಿಯ ‘ಬೇ-ಚಿರಾಗ್’, ಎಂದರೆ ದೀಪವಿಲ್ಲದ್ದು ಎಂಬುದೇ ಇದರ ಮೂಲ. ಎಲ್ಲೆ ಇದೆ, ಸರ್ವೆ ನಂಬರುಗಳಿವೆ, ಕಂದಾಯವಿದೆ, ಆದರೆ ಮನೆಗಳಿಲ್ಲ. ಮನೆತನವೊಂದು ಬಿಟ್ಟುಬಂದ ಊರು ಇಂತಹ ಗ್ರಾಮವಾಗಿರುವ ಸಾಧ್ಯತೆಯನ್ನು ಮೊದಲು ಪರೀಕ್ಷಿಸಬೇಕು.

ಸರ್ವೇಕ್ಷಣಾ ಇಲಾಖೆಯ ಸಂಕೇತಗಳ ಪಟ್ಟಿಯಲ್ಲಿ ವಸತಿಯಿರುವ ಊರು, ಪಾಳುಬಿದ್ದ ಊರು, ಕೋಟೆ ಇವುಗಳಿಗೆ ಪ್ರತ್ಯೇಕ ಚಿಹ್ನೆಗಳಿವೆ. ಕೆರೆ, ಬಾವಿ, ಗುಡಿ, ಪ್ರಾಚೀನ ಅವಶೇಷ, ಮೂರು ಗ್ರಾಮಗಳ ಎಲ್ಲೆ ಕೂಡುವ ಕಲ್ಲು ಇವನ್ನೂ ಗುರುತಿಸಲಾಗುತ್ತದೆ. ಊರಿಲ್ಲದ ಬಯಲಿನಲ್ಲಿ ಒಂದು ಗುಡಿ, ಒಂದು ಹಳೆಯ ಬಾವಿ, ಅಲ್ಲಿಗೆ ಬಂದು ನಿಲ್ಲುವ ಎರಡು ಬಂಡಿಜಾಡು ನಕ್ಷೆಯಲ್ಲಿ ಕಂಡರೆ ಅಲ್ಲಿ ಹೋಗಿ ನೋಡಲು ಸಾಕಷ್ಟು ಕಾರಣವಿದೆ. ಬಿಟ್ಟುಹೋದ ಮನೆತನಗಳು ವರ್ಷಕ್ಕೊಮ್ಮೆಯಾದರೂ ಆ ಗುಡಿಗೆ ಬಂದು ಎಡೆ ಕೊಡುವ ರೂಢಿಯಿದ್ದರೆ ಹೆಳವರ ಹೇಳಿಕೆಗೆ ಅದಕ್ಕಿಂತ ಬಲವಾದ ಪುಷ್ಟಿ ಬೇಕಿಲ್ಲ.

ಊರುಗಳು ಪಾಳುಬಿದ್ದ ಕಾಲವನ್ನು ತಿಳಿಯಲು ಬರ ಮತ್ತು ಬೇನೆಗಳ ನೆನಪು ನೆರವಾಗುತ್ತದೆ. 1791-92ರ ಡೋಗಿ ಬರ, 1876-78ರ ಮಹಾಕ್ಷಾಮ, 1896ರ ಬಳಿಕ ಮುಂಬಯಿ ಪ್ರಾಂತವನ್ನು ಹೊಕ್ಕ ಪ್ಲೇಗು, ಈ ಮೂರೂ ಈ ಸೀಮೆಯ ವಸತಿಯನ್ನು ಕದಲಿಸಿದವು. ಇವುಗಳಲ್ಲಿ ಮೊದಲನೆಯದು ಕಂದಾಯ ಮೋಜಣಿಗೆ ಮುಂಚಿನದು, ಉಳಿದ ಎರಡು ನಂತರದವು. ಆದುದರಿಂದ ಡೋಗಿ ಬರದಲ್ಲಿ ಅಳಿದ ಊರು ಮೊದಲ ಮೋಜಣಿಯ ಹೊತ್ತಿಗೇ ನಿರ್ವಸಿತವಾಗಿರಬೇಕು. ಪ್ಲೇಗಿನಲ್ಲಿ ಬಿಟ್ಟ ಊರು ಮೊದಲ ಮೋಜಣಿಯಲ್ಲಿ ವಸತಿಯಾಗಿ, ತರುವಾಯದ ಹಾಳೆಗಳಲ್ಲಿ ಪಾಳಾಗಿ ಕಾಣಬೇಕು. ಒಂದೇ ಸ್ಥಳದ ಬೇರೆ ಬೇರೆ ಕಾಲದ ನಕ್ಷೆಗಳನ್ನು ಹೀಗೆ ಹೋಲಿಸಿದರೆ ‘ಅಜ್ಜನ ಅಜ್ಜನ ಕಾಲದಾಗ ಬಂದವರು’ ಎಂಬ ಮಾತಿಗೆ ಒಂದು ಕಾಲಮಿತಿ ದೊರೆಯುತ್ತದೆ.

6. ಹೊಳೆಯ ಗಡಿ ಮತ್ತು ಬಂಧುತ್ವ

ಸ್ಥಳಾಕೃತಿ ನಕ್ಷೆಯಲ್ಲಿ ಎದ್ದು ಕಾಣುವುದು ಗಡಿರೇಖೆ. ತುಂಗಭದ್ರೆಯ ಗುಂಟ ಚುಕ್ಕೆ-ಗೆರೆಗಳ ಸಾಲು ಹೋಗಿರುವುದರಿಂದ ಅದರ ಎರಡೂ ಬದಿಯ ಊರುಗಳು ಬೇರೆ ಬೇರೆ ಲೋಕಗಳೆಂಬ ಭ್ರಮೆ ಹುಟ್ಟುತ್ತದೆ. ಸರಕಾರಗಳಿಗೆ ಹೊಳೆ ಎಲ್ಲೆಯಾಗಿತ್ತು. ಮನೆತನಗಳಿಗೆ ಅದು ಬೇಸಿಗೆಯಲ್ಲಿ ದಾಟುವ ಹಾದಿ, ಮಳೆಗಾಲದಲ್ಲಿ ಅಂಬಿಗನ ಹರಿಗೋಲಿನ ದಾರಿ. ರಾಣೆಬೆನ್ನೂರು ತಾಲೂಕಿನ ಹೊಳೆದಂಡೆಯ ಚೌಡದಾನಪುರ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಂದಿಗೆ ಬೆಸೆದುಕೊಂಡಿರುವುದೇ ಈ ದಾಟಿನ ಹಳಮೆಯನ್ನು ನೆನಪಿಸುತ್ತದೆ. ಹಳೆಯ ಹಾಳೆಗಳಲ್ಲಿ ಗುರುತಿಸಿರುವ ದೋಣಿಗಡವುಗಳನ್ನೂ ಹಾಯ್ಗಡಗಳನ್ನೂ ಪಟ್ಟಿಮಾಡಿದರೆ ಎರಡು ದಡಗಳ ನಡುವಿನ ನಂಟಸ್ತಿಕೆಯ ದಾರಿಗಳು ತಾವಾಗಿ ಹೊರಪಡುತ್ತವೆ.

ಮನೆದೇವರ ವಿಷಯವೂ ಹಾಗೆಯೇ. ಈ ಭಾಗದ ಅನೇಕ ಮನೆತನಗಳಿಗೆ ಮೈಲಾರಲಿಂಗ ಮನೆದೇವರು. ಭಾರತ ಹುಣ್ಣಿಮೆಯ ಕಾರಣಿಕಕ್ಕೆ ಹೆಸರಾದ ಮೈಲಾರ ಹೂವಿನಹಡಗಲಿ ತಾಲೂಕಿನಲ್ಲಿದ್ದು 1953ರವರೆಗೆ ಮದರಾಸು ಆಡಳಿತಕ್ಕೆ ಒಳಪಟ್ಟಿತ್ತು. ಮಾಲತೇಶನ ದೇವರಗುಡ್ಡ ರಾಣೆಬೆನ್ನೂರು ತಾಲೂಕಿನಲ್ಲಿದ್ದು ಮುಂಬಯಿ ಆಡಳಿತಕ್ಕೆ ಸೇರಿತ್ತು. ಒಕ್ಕಲುಗಳು ಎರಡೂ ಕಡೆ ನಡೆದುಕೊಳ್ಳುತ್ತಿದ್ದರು. ಯಾವ ಮನೆತನ ಯಾವ ಮೈಲಾರಕ್ಕೆ ಮೊದಲು ನಡೆದುಕೊಳ್ಳುತ್ತದೆ, ಯಾವ ಊರಿನ ಮೇಲೆ ಹಾದುಹೋಗುತ್ತದೆ, ಎಲ್ಲಿ ಬಿಡಾರ ಇಳಿಯುತ್ತದೆ ಎಂಬುದನ್ನು ನಕ್ಷೆಯ ಮೇಲೆ ಎಳೆದರೆ ಆ ಮನೆತನದ ಹಿಂದಿನ ನೆಲೆಗಳ ಸುಳಿವು ಸಿಗುವುದುಂಟು.

ವಂಶಾವಳಿಗಳಲ್ಲಿ ಹೆಣ್ಣುಮಕ್ಕಳು ಇಲ್ಲದಿರುವುದು ದೊಡ್ಡ ಕೊರತೆ. ವತನದ ಕಾಗದಗಳಿಗೆ ಬೇಕಾಗಿದ್ದದ್ದು ಗಂಡು ವಾರಸುದಾರರು. 1874ರ ವತನ ಕಾಯ್ದೆಯ ಕಾಲದಿಂದ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯವರೆಗೆ ಈ ದೃಷ್ಟಿಯೇ ದಾಖಲೆಗಳನ್ನು ಆಳಿತು. 1994ರ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರ ತಿದ್ದುಪಡಿಗಳ ಬಳಿಕ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಲ್ಲಿ ಬರೆಯುವುದು ಅನಿವಾರ್ಯವಾಗಿದೆ. ಹಿಂದಿನ ತಲೆಮಾರುಗಳ ಹೆಣ್ಣುಮಕ್ಕಳ ಹೆಸರು ಮಾತ್ರ ಬಹುಪಾಲು ಮರೆತುಹೋಗಿದೆ. ಆದರೆ ಅವರ ತವರೂರಿನ ಹೆಸರು ಉಳಿದಿರುತ್ತದೆ. ಸೊಸೆಯನ್ನು ‘ಗುತ್ತಲದಾಕಿ’, ‘ಮೆಡ್ಲೇರಿಯಾಕಿ’ ಎಂದು ತವರಿನ ಹೆಸರಿನಿಂದ ಕರೆಯುವುದು ಈ ಭಾಗದ ಮನೆಮಾತಿನ ರೂಢಿ. ಹಿರಿಯ ಹೆಂಗಸರನ್ನು ಕೇಳಿ ಈ ತವರೂರುಗಳನ್ನು ಸಂಗ್ರಹಿಸಿ, ನಕ್ಷೆಯಲ್ಲಿ ಗುರುತಿಸಿದರೆ ಹೆಣ್ಣು ಕೊಟ್ಟು ತಂದ ಊರುಗಳ ವಲಯವೊಂದು ಮೂಡುತ್ತದೆ. ಗಂಡುಹೆಸರುಗಳ ಸರಣಿಯಲ್ಲಿ ಅಡಗಿಹೋದ ಅರ್ಧ ಇತಿಹಾಸವನ್ನು ಈ ವಲಯದಿಂದ ಹೊರತೆಗೆಯಬಹುದು. ನಕ್ಷೆ ಹೆಚ್ಚು ಉಪಕಾರಿಯಾಗುವುದು ಇಲ್ಲಿಯೇ ಎಂಬುದು ಈ ಲೇಖಕನ ಅಭಿಪ್ರಾಯ.

7. ನಕ್ಷೆಯ ಮಿತಿಗಳು

ಮೇಲಿನ ಮಾತುಗಳಿಂದ ನಕ್ಷೆ ನಿರ್ವಿವಾದ ಸಾಕ್ಷಿಯೆಂದು ತಿಳಿಯಬಾರದು. ನೆಲೆ ನಿಂತ ಊರನ್ನು ಅದು ಗುರುತಿಸುತ್ತದೆ, ನೆಲೆಯಿಲ್ಲದೆ ತಿರುಗಿದವರನ್ನು ಗುರುತಿಸುವುದಿಲ್ಲ. ಹೇರೆತ್ತುಗಳೊಂದಿಗೆ ಸಾಗುತ್ತಿದ್ದ ಲಂಬಾಣಿಗರು ತಾಂಡಾ ಕಟ್ಟಿ ನಿಂತ ಮೇಲೆ ಮಾತ್ರ ಹಾಳೆಯ ಮೇಲೆ ಬರುತ್ತಾರೆ. ಹಟ್ಟಿಗಳನ್ನು ಬದಲಿಸುತ್ತಿದ್ದ ಕುರಿಗಾರರು, ಸ್ವತಃ ಹೆಳವರು ನಕ್ಷೆಯಲ್ಲಿ ಇಲ್ಲ. ಸ್ವಂತ ಹೊಲವಿಲ್ಲದ ದಲಿತ ಮನೆತನಗಳಿಗೆ ಸರ್ವೆ ನಂಬರಿನ ದಾರಿಯೂ ಮುಚ್ಚಿದೆ. ಅವರ ಕೇರಿ ಊರಿನ ಯಾವ ದಿಕ್ಕಿಗಿತ್ತು ಎಂಬಷ್ಟು ಸೂಕ್ಷ್ಮ ವಿವರ ಸ್ಥಳಾಕೃತಿ ನಕ್ಷೆಯ ಪ್ರಮಾಣದಲ್ಲಿ ಹಿಡಿಸುವುದಿಲ್ಲ. ನಕ್ಷೆ ಮತ್ತು ಉತಾರಗಳನ್ನೇ ನಂಬಿ ಬರೆದ ಮನೆತನ ಚರಿತ್ರೆ ಭೂಮಿಯುಳ್ಳವರ ಚರಿತ್ರೆಯಾಗಿಬಿಡುವ ಅಪಾಯ ನಿಜವಾದದ್ದು.

ಮೂಲಸ್ಥಳದ ಹೇಳಿಕೆಯೆಲ್ಲವೂ ವಲಸೆಯ ನೆನಪಲ್ಲ ಎಂಬುದನ್ನೂ ಗಮನಿಸಬೇಕು. ಗುತ್ತಲದಿಂದ ಆಳಿದ ಗುತ್ತರು ಹನ್ನೆರಡು, ಹದಿಮೂರನೆಯ ಶತಮಾನಗಳ ತಮ್ಮ ಶಾಸನಗಳಲ್ಲಿ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡು ಉಜ್ಜಯಿನಿಯ ಬಿರುದನ್ನು ಧರಿಸಿದರು. ಹಾನಗಲ್ಲಿನ ಕದಂಬರು ಬನವಾಸಿಯ ಒಡೆಯರೆಂಬ ಬಿರುದನ್ನು ಧರಿಸಿದರು. ಬನವಾಸಿ ಹಾನಗಲ್ಲಿಗೆ ನೆರೆಯ ಸೀಮೆ, ಉಜ್ಜಯಿನಿ ನರ್ಮದೆಯಾಚೆಯ ನಾಡು. ಇವೆರಡನ್ನೂ ಒಂದೇ ಬಗೆಯ ಸಾಕ್ಷ್ಯವೆಂದು ಎಣಿಸಲಾಗದು. ಇಂದಿನ ಮನೆತನಗಳ ಹೇಳಿಕೆಯಲ್ಲಿಯೂ ದೂರದ ಪ್ರಸಿದ್ಧ ಪಟ್ಟಣವೊಂದು ಮೂಲಸ್ಥಳವಾಗಿ ಬಂದರೆ ಅದರಲ್ಲಿ ಪ್ರತಿಷ್ಠೆಯ ಪಾಲು ಎಷ್ಟೆಂದು ಕೇಳಬೇಕು. ಹತ್ತು ಹದಿನೈದು ಮೈಲಿಯೊಳಗಿನ, ಯಾರಿಗೂ ಹೆಸರು ಗೊತ್ತಿಲ್ಲದ ಹಾಳೂರೊಂದು ಮೂಲಸ್ಥಳವಾಗಿ ಬಂದರೆ ಅದನ್ನು ಕಲ್ಪಿಸಿಕೊಳ್ಳಲು ಯಾರಿಗೂ ಕಾರಣವಿರಲಿಲ್ಲವಾದ್ದರಿಂದ ಅದು ಹೆಚ್ಚು ನಂಬಿಕೆಗೆ ಅರ್ಹ. ಇದು ಸಾಮಾನ್ಯ ಮಾರ್ಗದರ್ಶಿಯೇ ಹೊರತು ಅಪವಾದವಿಲ್ಲದ ಸೂತ್ರವಲ್ಲ. ದೂರದಿಂದ ನಿಜವಾಗಿ ಬಂದ ಮನೆತನಗಳೂ ಉಂಟು.

ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಸ್ಥಳಾಕೃತಿ ನಕ್ಷೆಯು ವಂಶಾವಳಿಯ ಸಂಶೋಧಕನಿಗೆ ನಾಲ್ಕು ಬಗೆಯಲ್ಲಿ ನೆರವಾಗುವುದು ಸ್ಪಷ್ಟವಾಗುತ್ತದೆ: ಒಂದೇ ಹೆಸರಿನ ಊರುಗಳನ್ನು ಬೇರ್ಪಡಿಸುವುದು, ಅಳಿದ ಊರುಗಳನ್ನು ಗುರುತಿಸುವುದು, ಆಡಳಿತದ ಗಡಿಯಾಚೆಯ ಕವಲನ್ನು ಕಾಣಿಸುವುದು, ತವರೂರುಗಳ ಮೂಲಕ ಹೆಣ್ಣುಮಕ್ಕಳ ಸಂಬಂಧವಲಯವನ್ನು ತೋರಿಸುವುದು. ಈ ನಾಲ್ಕರಲ್ಲಿಯೂ ಮೊದಲ ಮಾತು ಮನೆತನದವರದು ಅಥವಾ ಹೆಳವರದು, ನಕ್ಷೆಯದು ಪರೀಕ್ಷಕನ ಪಾತ್ರ.

ನಕ್ಷೆಗಳ ಲಭ್ಯತೆ ಈಗ ಸಮಸ್ಯೆಯಾಗಿ ಉಳಿದಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯಿಂದ ಸಾರ್ವಜನಿಕ ಬಳಕೆಯ ಹಾಳೆಗಳ ಪ್ರತ್ಯೇಕ ಶ್ರೇಣಿ ಆರಂಭವಾಯಿತು. 2017ರಲ್ಲಿ ಸರ್ವೇಕ್ಷಣಾ ಇಲಾಖೆ ಆ ಹಾಳೆಗಳನ್ನು ಅಂತರಜಾಲದಲ್ಲಿ ಒದಗಿಸಿತು. 2021ರ ಮಾರ್ಗಸೂಚಿಗಳಿಂದ ನಿರ್ಬಂಧಗಳು ಇನ್ನಷ್ಟು ಸಡಿಲಗೊಂಡವು. ಕಡಿಮೆಯಾಗುತ್ತಿರುವುದು ಹೆಳವರ ವೃತ್ತಿ. ಹೊಸ ತಲೆಮಾರಿನವರು ಬೇರೆ ಉದ್ಯೋಗಗಳಿಗೆ ಹೋಗುತ್ತಿದ್ದಾರೆ. ಒಕ್ಕಲುಗಳಿಗೂ ವಂಶವೃಕ್ಷವೆಂದರೆ ವಾರಸಾ ದಾಖಲಿಸಲು ಕಚೇರಿಯಿಂದ ಪಡೆಯುವ, ಕೆಲವೇ ತಲೆಮಾರುಗಳ ಪ್ರಮಾಣಪತ್ರವಾಗಿದೆ. ಹೆಳವರ ಪುಸ್ತಕಗಳು ಉಳಿದರೂ ಅವುಗಳಲ್ಲಿಯ ಊರು ಇಂಥದ್ದೇ, ಈ ಹೊಲದ ಈ ಗುಡಿಯ ಬಳಿ ಇದ್ದದ್ದು ಎಂದು ಬೆರಳು ಮಾಡಿ ತೋರಿಸುವವರು ಉಳಿಯದಿದ್ದರೆ ಪುಸ್ತಕಕ್ಕೂ ನಕ್ಷೆಗೂ ನಡುವಿನ ಕೊಂಡಿ ಕಳಚುತ್ತದೆ. ಆ ಬಳಿಕ ಎಷ್ಟು ಸೂಕ್ಷ್ಮವಾದ ನಕ್ಷೆ ಬಂದರೂ ಅದನ್ನು ಮತ್ತೆ ಜೋಡಿಸಲಾಗದು.

ಆದುದರಿಂದ ಹೆಳವರ ಹೇಳಿಕೆಯಲ್ಲಿ ಬರುವ ಊರುಗಳ ಕೋಶವೊಂದನ್ನು, ತಾಲೂಕಿನಂತೆ, ಅಕ್ಷಾಂಶ-ರೇಖಾಂಶ ಮತ್ತು ಹಾಳೆಯ ಸಂಖ್ಯೆಯೊಡನೆ ಸಿದ್ಧಪಡಿಸುವ ಕಾರ್ಯ ಮೊದಲು ಆಗಬೇಕು. ಅದನ್ನು ಜಿಲ್ಲೆಯ ಎಲ್ಲೆಯೊಳಗೆ ನಿಲ್ಲಿಸದೆ ಹೊಳೆಯಾಚೆಯ ಹರಿಹರ, ಹರಪನಹಳ್ಳಿ, ಹೂವಿನಹಡಗಲಿ ತಾಲೂಕುಗಳಿಗೂ ವಿಸ್ತರಿಸಬೇಕು. ಇಂದು ಈ ಮೂರು ತಾಲೂಕುಗಳು ದಾವಣಗೆರೆ ಮತ್ತು ವಿಜಯನಗರ ಜಿಲ್ಲೆಗಳಲ್ಲಿ ಹಂಚಿಹೋಗಿರುವುದರಿಂದ ಒಂದು ಜಿಲ್ಲೆಯ ಸಂಶೋಧಕರಿಂದ ಇದು ಸಾಧ್ಯವಾಗುವ ಮಾತಲ್ಲ. ಎರಡೂ ದಡದ ಅಧ್ಯಾಪಕರು, ನಿವೃತ್ತ ಶಾನುಭೋಗ-ಕುಲಕರ್ಣಿ ಮನೆತನದವರು, ಸರ್ವೆ ಇಲಾಖೆಯ ಅನುಭವಿಗಳು ಕೂಡಿದರೆ ಒಂದೆರಡು ಸುಗ್ಗಿಗಳೊಳಗೆ ಒಂದು ತಾಲೂಕಿನ ಕೆಲಸವನ್ನಾದರೂ ಮುಗಿಸಬಹುದು. ಹೆಳವರು ಒಕ್ಕಲಿನ ಮನೆಗೆ ಬರುವುದೂ ಸುಗ್ಗಿಯಲ್ಲಿಯೇ ಆದ್ದರಿಂದ ಈ ಕೆಲಸಕ್ಕೆ ಅದೇ ತಕ್ಕ ಕಾಲ.